ಬಿಸಿಲಿಗೆ ಬಾಗಿದ ಹೆಡಗಿ

ಬೆಳಗಿನ ಚಹಾ ಮುಗಿಯುತ್ತಲೇ ಅಂದಾನಪ್ಪ ಮಾಸ್ತರರು ಅಡುಗೆಮನೆಯ ಕಟ್ಟೆಯ ಮೇಲೆ ಧ್ವನಿಮುದ್ರಕವನ್ನು ನಿಲ್ಲಿಸಿಕೊಂಡು, ಮೈದಾನದ ಆಚೆ ತುದಿಯ ಹುಡುಗರನ್ನು ಕೂಗುವ ಗಂಟಲಿನಲ್ಲಿ ಹೆಂಡತಿಯೊಂದಿಗೆ ಮಾತಿಗೆ ತೊಡಗುತ್ತಿದ್ದರು. ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಪಿ.ಟಿ. ಕಲಿಸಿದ್ದ ಗಂಟಲು ಅದು. ಮಾಸ್ತರರು ನಿವೃತ್ತರಾದರೂ ಅದು ಆಗಿರಲಿಲ್ಲ.

“ದ್ರಾಕ್ಷಾಯಣೀ! ಇವತ್ತ ಬದನಿಕಾಯಿ ಪಲ್ಯಾ ಮಾಡೀನಿ. ಎಣ್ಣಿ ಸ್ವಲ್ಪ ಜಾಸ್ತಿ ಆತು. ನಿನ್ನ ಮಗಳು ಮಾರಿ ಸೊಟ್ಟ ಮಾಡಿದ್ಲು, ಆದ್ರ ಎರಡ ಸಲ ಹಾಕ್ಕೊಂಡ್ಲು.”

“ಅಪ್ಪಾ, ಅಷ್ಟ ಜೋರಾಗಿ ಒದರಬ್ಯಾಡ. ಮೆಲ್ಲಕ ಅಂದ್ರೂ ಅವ್ವಗ ಮುಟ್ಟತೈತಿ,” ಎಂದಳು ನೀಲಗಂಗಾ, ಬುತ್ತಿಯ ಡಬ್ಬಿ ಮುಚ್ಚುತ್ತ.

“ಮುಟ್ಟೂದು ಬ್ಯಾರೆ ಮಾತು. ಅಷ್ಟ ದೂರ ಹೋದ ಗಂಡನ ದನಿ ಸಣ್ಣಗಿದ್ರ ಏನ್ ಚಂದ?”

ದ್ರಾಕ್ಷಾಯಣಿ ಇದ್ದದ್ದು ‘ಟಿಟ್ಟಿಭ’ ಎಂಬ ನೌಕೆಯಲ್ಲಿ. ಶನಿಗ್ರಹದ ಚಂದ್ರನೊಂದರ ಹಿಮವನ್ನು ಕೊರೆದು ನೋಡಲು ಹೋಗಿದ್ದ ಐವರಲ್ಲಿ ಭೂವಿಜ್ಞಾನಿ ಅವಳೊಬ್ಬಳೇ. ಕೆಲಸ ಮುಗಿಸಿ ಮರಳುವಾಗ, ಗುರುಗ್ರಹದ ಕಕ್ಷೆಯ ಹತ್ತಿರ, ಸಾಸಿವೆಗಿಂತ ಚಿಕ್ಕ ಕಲ್ಲಿನ ಕಣವೊಂದು ನೌಕೆಯ ದೊಡ್ಡ ಆಂಟೆನಾವನ್ನು ಸೀಳಿ ಹೋಯಿತು. ನೌಕೆಯ ಕಿವಿ ಉಳಿಯಿತು, ಬಾಯಿ ಹೋಯಿತು. ಭೂಮಿಯಿಂದ ಕಳಿಸಿದ ಮಾತು ಮುಕ್ಕಾಲು ಗಂಟೆ ಪ್ರಯಾಣ ಮಾಡಿ ಅವರನ್ನು ಮುಟ್ಟುತ್ತದೆಂದು ಲೆಕ್ಕ ಹೇಳುತ್ತಿತ್ತು. ಅವರ ಉತ್ತರ ಮಾತ್ರ ಇತ್ತ ಬರುತ್ತಿರಲಿಲ್ಲ. ಬರುತ್ತಿದ್ದದ್ದು, ಉದ್ದನೆಯ ಅಲೆಗಳ ಪುಟ್ಟ ಆಂಟೆನಾವೊಂದು ತನ್ನಷ್ಟಕ್ಕೆ ಕಳಿಸುವ ‘ಕೂ’ ಎಂಬ ಒಂದೇ ಸ್ವರ.

ಆ ಸ್ವರವನ್ನು ಹಿಡಿಯುತ್ತಿದ್ದದ್ದೂ, ಮಾಸ್ತರರ ಧ್ವನಿಮುದ್ರಕದ ಮಾತನ್ನು ಅತ್ತ ಕಳಿಸುತ್ತಿದ್ದದ್ದೂ ಕೊಪ್ಪಳದ ಬಯಲಿನಲ್ಲಿ ನಿಂತ ಎಪ್ಪತ್ತು ಮೀಟರ್ ಅಗಲದ ಆಂಟೆನಾ. ಸುತ್ತಲಿನ ಊರುಗಳವರು ಅದನ್ನು ಹೆಡಗಿ ಎನ್ನುತ್ತಿದ್ದರು. ಜೋಳದ ತೆನೆ ಹೊರುವ ಅಗಲ ಬುಟ್ಟಿಯನ್ನು ಯಾರೋ ಆಕಾಶಕ್ಕೆ ಒಡ್ಡಿ ಹಿಡಿದಂತೆ ಅದು ಕಾಣುತ್ತಿತ್ತು. ಅದರ ಮೈಯನ್ನು ಅಳೆದು ತಿದ್ದುವ ಎಂಜಿನಿಯರು ನೀಲಗಂಗಾ. ಅವ್ವ ಹೊರಟಾಗ ಇದೊಂದು ನೌಕರಿಯಾಗಿತ್ತು. ಈಗ ಅವ್ವ ಮನೆಗೆ ಬರುವ ದಾರಿ ಇದೇ ಆಗಿತ್ತು.

ಟಿಟ್ಟಿಭದಲ್ಲಿ ಇನ್ನೊಂದು ಚಿಕ್ಕ ಪ್ರೇಷಕ ಉಳಿದಿತ್ತು. ಅದು ಒಂಬತ್ತು ಮಿಲಿಮೀಟರಿನ ಗಿಡ್ಡ ಅಲೆಗಳಲ್ಲಿ ಮಾತನ್ನೂ ಅಂಕಿಗಳನ್ನೂ ಕಳಿಸಬಲ್ಲದು. ಅದನ್ನು ಹಚ್ಚಿಡಿರೆಂದು ಇಲ್ಲಿಂದ ಹೇಳಿಯೂ ಆಗಿತ್ತು. ಆ ಅಂಕಿಗಳು ಸಿಕ್ಕರೆ ನೌಕೆಯ ದೂರ ಮತ್ತು ವೇಗವನ್ನು ಕರಾರುವಾಕ್ಕಾಗಿ ತಿಳಿದು, ಎಂಜಿನ್ನನ್ನು ಯಾವಾಗ, ಎಷ್ಟು ಹೊತ್ತು ಉರಿಸಬೇಕೆಂದು ಹೇಳಬಹುದು. ಸಿಗದಿದ್ದರೆ ನೌಕೆ ಭೂಮಿಯ ಪಕ್ಕದಲ್ಲೇ ಜಾರಿ ಸೂರ್ಯನನ್ನು ಸುತ್ತಲು ಹೋಗುತ್ತದೆ, ಮತ್ತೆ ಬರುವುದು ಎಷ್ಟೋ ವರ್ಷಕ್ಕೆ. ಅಷ್ಟು ಕಾಲಕ್ಕೆ ಬೇಕಾದ ಅನ್ನ ಅದರೊಳಗಿರಲಿಲ್ಲ.

ಗಿಡ್ಡ ಅಲೆಗಳಿಗೆ ಹೆಡಗಿ ನುಣುಪಾಗಿರಬೇಕು. ಅದರ ಮೈ ಪರವಲಯ ಎಂಬ ಆಕಾರದಲ್ಲಿದ್ದರೆ, ಯಾವ ಮೂಲೆಗೆ ಬಿದ್ದ ಅಲೆಯೂ ಪುಟಿದು ಒಂದೇ ಬಿಂದುವಿಗೆ, ನಾಭಿಗೆ, ಒಂದೇ ಹೊತ್ತಿಗೆ ಬಂದು ಸೇರುತ್ತದೆ. ಅಲ್ಲಿ ನಾಲ್ಕು ಉಕ್ಕಿನ ಕಂಬಗಳ ತುದಿಗೆ, ಅಲೆಗಳನ್ನು ಹಿಡಿಯುವ ಗ್ರಾಹಕದ ಕೋಣೆ ತೂಗುತ್ತದೆ. ಮೈ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಂಕುಡೊಂಕಾದರೆ ಗಿಡ್ಡ ಅಲೆಗಳು ಹೆಜ್ಜೆ ತಪ್ಪಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಜಗತ್ತಿನ ಉಳಿದ ದೊಡ್ಡ ಆಂಟೆನಾಗಳಲ್ಲಿ ಒಂದು ದುರಸ್ತಿಗೆ ಬಿಚ್ಚಿಕೊಂಡಿತ್ತು. ಇನ್ನೊಂದರ ಮೈ ಈ ಅಲೆಗಳಿಗೆಂದು ಮಾಡಿದ್ದೇ ಅಲ್ಲ. ಉಳಿದದ್ದು ಹೆಡಗಿ.

ರಾತ್ರಿಯ ತಂಪಿನಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಅಳೆಯುವವರೆಲ್ಲ ರಾತ್ರಿಯೇ ಅಳೆಯುತ್ತಿದ್ದರು, ಗಾಳಿ ಇಲ್ಲ, ಬಿಸಿಲಿಲ್ಲ, ಉಕ್ಕು ಅಲುಗುವುದಿಲ್ಲ ಎಂದು. ಟಿಟ್ಟಿಭವಾದರೋ ಈ ಕಾಲದಲ್ಲಿ ಸೂರ್ಯನ ಬದಿಯಲ್ಲೇ ಇತ್ತು. ಹಗಲಿಗೆ ಮೂಡಿ ಹಗಲಿಗೇ ಮುಳುಗುತ್ತಿತ್ತು.

ನಡುಹಗಲಿನಲ್ಲಿ ನಿಯಂತ್ರಣ ಕೋಣೆಯ ತೆರೆಯ ಮೇಲೆ ಹೆಡಗಿಯ ಚಿತ್ರ ಕೆಂಪಾಗುತ್ತ ಹೋಗುವುದನ್ನು ನೀಲಗಂಗಾ ದಿನವೂ ನೋಡುತ್ತಿದ್ದಳು. ಹೆಡಗಿಯ ನಡುವಿನ ಲೇಸರು, ಅದರ ಮೈಯಾಗಿ ಜೋಡಿಸಿದ ಪ್ರತಿ ಲೋಹದ ಹಲಗೆಯ ಮೂಲೆಗಂಟಿಸಿದ ಚಿಕ್ಕ ಕನ್ನಡಿಗಳನ್ನು ಸುತ್ತಿ ಸುತ್ತಿ ಅಳೆಯುತ್ತಿತ್ತು. ನಕ್ಷೆಯಲ್ಲಿದ್ದ ಆಕಾರಕ್ಕಿಂತ ಹಲಗೆ ಎಷ್ಟು ಸರಿದಿದೆ ಎಂದು ಅದು ಹೇಳಿದರೆ, ಹಲಗೆಯ ಕೆಳಗಿನ ಮೋಟಾರು ತಿರುಪುಗಳು ಅಷ್ಟೇ ನೂಕಿ ಅಥವಾ ಎಳೆದು ಸರಿಪಡಿಸಬೇಕು. ಬಿಸಿಲೇರಿದಂತೆ ತಿರುಪುಗಳು ತಮ್ಮ ಅಳತೆಯ ಕೊನೆ ಮುಟ್ಟಿ ನಿಂತುಬಿಡುತ್ತಿದ್ದವು. ಅಂಚಿನವೆಲ್ಲ ಪೂರ್ತಿ ಒಳಕ್ಕೆ, ನಡುವಿನವೆಲ್ಲ ಪೂರ್ತಿ ಹೊರಕ್ಕೆ.

“ಎರಡು ಮಿಲಿಮೀಟರ್ ದಾಟಿತು ಮೇಡಂ,” ಎಂದ ರಾಜೇಸಾಬ ನದಾಫ. ಹೆಡಗಿಯ ಯಂತ್ರಭಾಗವೆಲ್ಲ ಅವನ ಉಸ್ತುವಾರಿ. “ಇನ್ನ ನೂಕಿದ್ರ ತಿರುಪು ಮುರಿದು ಕೈಯಾಗ ಬರ್ತಾವು.”

ನಿರ್ದೇಶಕ ಜಯತೀರ್ಥ ಕಟ್ಟಿಯವರು ಕನ್ನಡಕ ಹಣೆಗೇರಿಸಿದರು. ಪ್ರಾಯದಲ್ಲಿ ಹೆಡಗಿಯ ಬೆನ್ನಿನ ಉಕ್ಕಿನ ಹಂದರದ ನಕ್ಷೆ ಬರೆದವರು ಅವರೇ. “ಇನ್ನೂ ಉದ್ದನ್ನ ತಿರುಪು ತರಿಸಬೇಕು. ಹೇಳೀನಿ. ಬರೂದ್ರಾಗ ಮಳೀ ಹಿಡೀತದ. ಮಳೀ ಮೋಡದಾಗಿಂದ ಈ ಅಲೆ ಹಾಯೂದಿಲ್ಲ.”

“ಮತ್ತ ಅಲ್ಲಿತನಕಾ ಏನ್ ಮಾಡೂದ್ರಿ ಸರ್?”

“ಅದನ್ನ ಕೇಳಬ್ಯಾಡ್ರಿ ನೀಲಗಂಗಾ. ನನಗ ಗೊತ್ತಿದ್ರ ಇಷ್ಟೊತ್ತಿಗೆ ಮಾಡ್ತಿದ್ದೆ.”

ಆಗಲೇ ಬಯಲಿನಿಂದ ಸುಂಟರಗಾಳಿಯೊಂದು ಕೆಂಪು ಮಣ್ಣನ್ನೆತ್ತಿಕೊಂಡು ಬಂದು ಅಂಗಳವನ್ನು ಹಾಯ್ದುಹೋಯಿತು. ದೀಪಗಳು ಮಿಣುಕಿದವು. ತಿರುಪುಗಳಿಗೆ ಹೋಗುವ ವಿದ್ಯುತ್ತು ಕಡಿದು, ಎಳೆದು ಹಿಡಿದಿದ್ದ ಸಾವಿರಾರು ಮೋಟಾರುಗಳು ಒಮ್ಮೆಲೇ ಸಡಿಲಾಗಿ ನಡುಸ್ಥಾನಕ್ಕೆ ಬಂದವು. ‘ಕೂ’ ಕ್ಷೀಣಿಸಿತು. ನದಾಫ ವಿದ್ಯುತ್ ಕೋಣೆಗೆ ಓಡಿ ಎಲ್ಲವನ್ನೂ ಮರಳಿ ಹಚ್ಚುವಷ್ಟರಲ್ಲಿ ಸ್ವಲ್ಪ ಹೊತ್ತು ಹೋಯಿತು. ಅಷ್ಟೂ ಹೊತ್ತು ಲೇಸರು ಮಾತ್ರ ತನ್ನ ಬೇರೆ ತಂತಿಯ ಬಲದ ಮೇಲೆ ಅಳೆಯುತ್ತಲೇ ಇತ್ತು.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅಂದಾನಪ್ಪನವರು ರೊಟ್ಟಿ ಮುರಿಯುತ್ತ, ಮಗಳ ಮುಖ ನೋಡದೆ ಕೇಳಿದರು: “ನೀಲವ್ವಾ, ಆ ಕೂ ಅಂತೈತಲ್ಲ, ಅದನ್ನ ಮನುಷ್ಯಾರು ಒತ್ತತಾರೋ, ಯಂತ್ರ ತಾನಽ ಕೂಗತೈತೋ?”

ಅವಳು ಪಲ್ಯದ ಬಟ್ಟಲನ್ನು ಅವರ ಕಡೆ ಸರಿಸಿದಳು.

“ಸುಳ್ಳ ಹೇಳಬ್ಯಾಡ ಮತ್ತ.”

“ಯಂತ್ರ, ಅಪ್ಪಾ.”

“ಅಂದ್ರ ಒಳಗ ಯಾರೂ ಇಲ್ಲಂದ್ರೂ ಕೂಗತೈತಿ.”

“ಹ್ಞೂಂ.”

ಅವರು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. “ಬಾಜೂ ಮನಿ ಕಳಕಪ್ಪ ಕೇಳಾಕತ್ತಿದ್ದ, ದಿನಾ ಮುಂಜಾನೆ ಯಾರ ಸಂಗಾಟ ಒದರ್ತೀರಿ ಮಾಸ್ತರ, ಉತ್ತರಾನಽ ಇಲ್ಲಲ್ಲ ಅಂತ. ಸಾಲಿ ಹುಡುಗೂರ ಸಂಗಾಟ ಮೂವತ್ತ ವರ್ಷ ಹಂಗಽ ಮಾತಾಡೀನಿ, ರೂಢಿ ಐತಿ ಅಂದೆ.” ನಕ್ಕರು. ಆಮೇಲೆ ಅವರು ಎದ್ದು ತಮ್ಮ ಗಂಗಾಳವನ್ನು ತಾವೇ ತೊಳೆದಿಟ್ಟರು.

ಮರುದಿನ ಬೆಳಿಗ್ಗೆ ನೀಲಗಂಗಾ ಅಡುಗೆಮನೆಯಲ್ಲೇ ಗಣಕ ಬಿಚ್ಚಿಕೊಂಡು ಕೂತಳು. ವಿದ್ಯುತ್ತು ಹೋದಾಗಿನ ಅಳತೆಗಳನ್ನು ನೋಡುವ ಕಾರಣವೇನೂ ಇರಲಿಲ್ಲ. ಕೆಟ್ಟ ಅಳತೆಯೆಂದು ಬದಿಗಿಡುವ ಮೊದಲು ಎಷ್ಟು ಕೆಟ್ಟದೆಂದು ಬರೆದಿಡುವುದು ಅವರ ರಿವಾಜು, ಅಷ್ಟೆ. ಬಿಂದುಗಳಿಗೆ ಪರವಲಯವನ್ನು ಹೊಂದಿಸುವ ಲೆಕ್ಕ ಅದು. ಹಚ್ಚುವ ಮೊದಲು ನಕ್ಷೆಯ ಸಂಖ್ಯೆಗಳಿಗೆ ಬೀಗ ಹಾಕಬೇಕು. ನಾಭಿ ಇಷ್ಟೇ ಎತ್ತರ, ಅಕ್ಷ ಇದೇ ದಿಕ್ಕು, ಅದನ್ನು ಬದಲಿಸಕೂಡದು ಎಂದು ಗಣಕಕ್ಕೆ ಹೇಳಬೇಕು. ಸೇರಿದ ಮೊದಲ ವಾರದಲ್ಲಿ ಕಲಿಸುವ ಪಾಠವದು.

“ಇವತ್ತ ನಿಮ್ಮವ್ವಗ ಏನ್ ಹೇಳೂದು?” ಎಂದರು ಅಂದಾನಪ್ಪ, ಧ್ವನಿಮುದ್ರಕ ಹಿಡಿದು. “ಏನೂ ಹೊಳೀವಲ್ದು.”

ಅಪ್ಪನಿಗೆ ಮಾತು ಹೊಳೆಯದೇ ಹೋದದ್ದು ಅವಳಿಗೆ ಗೊತ್ತಿದ್ದ ಹಾಗೆ ಅದೇ ಮೊದಲು. ಅವಳು ತಲೆಯೆತ್ತಿ ನೋಡಿದಳು. “ನಿನ್ನೆ ಸುಂಟರಗಾಳಿ ಬಂದಿತ್ತು, ಅದನ್ನ ಹೇಳಪ್ಪಾ,” ಎನ್ನುತ್ತ ಗಣಕದ ಗುಂಡಿ ಒತ್ತಿದಳು.

“ಹಾಂ, ಅದನ್ನ ಹೇಳ್ತೀನಿ. ದ್ರಾಕ್ಷಾಯಣೀ! ನಿನ್ನೆ ಇಲ್ಲಿ ಎಂಥಾ ಗಾಳೀ...”

ಗಣಕ ಉತ್ತರ ಕೊಟ್ಟಿತು: ಸೊನ್ನೆ ಬಿಂದು ಆರು ಮಿಲಿಮೀಟರ್.

ಬೀಗ ಹಾಕಲು ಮರೆತಿದ್ದೇನೆ ಎಂದು ಅವಳಿಗೆ ಕೂಡಲೇ ತಿಳಿಯಿತು. ಲೆಕ್ಕ ಅಳಿಸಿ ಮತ್ತೆ ಸರಿಯಾಗಿ ಹಚ್ಚಿದಳು. ಐದು ಮಿಲಿಮೀಟರ್. ಇದು ನಿರೀಕ್ಷಿಸಿದ್ದೇ. ಗಣಕ ಮುಚ್ಚಬೇಕೆಂದವಳು ಹಾಗೇ ಕೂತಳು. ಬೀಗವಿಲ್ಲದ ಲೆಕ್ಕ ತಪ್ಪು. ಆದರೆ ಅಷ್ಟು ಸಣ್ಣ ತಪ್ಪನ್ನು ಅದು ಎಲ್ಲಿಂದ ತಂದಿತು? ಸಾವಿರಾರು ಹಲಗೆಗಳು ಮನಬಂದಂತೆ ಸೊಟ್ಟಗಾಗಿದ್ದರೆ ಯಾವ ಪರವಲಯವೂ ಅವಕ್ಕೆ ಇಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ.

ಬಿಸಿಲಿಗೆ ಹೆಡಗಿ ಸೊಟ್ಟಗಾಗಿರಲಿಲ್ಲ. ಅದು ಇನ್ನೊಂದು ಹೆಡಗಿಯಾಗಿತ್ತು. ತುಸು ಹೆಚ್ಚು ಅರಳಿದ್ದು, ತುಸು ಪಕ್ಕಕ್ಕೆ ಒಲೆದದ್ದು, ಆದರೆ ತನ್ನ ಮಟ್ಟಿಗೆ ಅಚ್ಚುಕಟ್ಟಾದ ಪರವಲಯವೇ. ಅದರ ನಾಭಿ ಮಾತ್ರ ಗ್ರಾಹಕವಿದ್ದಲ್ಲಿಲ್ಲ, ಅಲ್ಲಿಂದ ಮೂರು ಬೆರಳು ಮೇಲಕ್ಕೆ, ಒಂದು ಬೆರಳು ಪಶ್ಚಿಮಕ್ಕೆ ಸರಿದಿತ್ತು. ಇಷ್ಟು ದಿನ ತಿರುಪುಗಳು ಬಡಿದಾಡಿದ್ದು ತಪ್ಪಿನ ಜೊತೆಗಲ್ಲ, ಹಗಲಿನ ಒಂದು ಸರಿಯಾದ ಆಕಾರದ ಜೊತೆಗೆ. ಅದನ್ನು ರಾತ್ರಿಯ ನಕ್ಷೆಗೆ ಎಳೆದು ತರಬೇಕೆಂದು.

ಅವಳು ತಿನ್ನುವುದನ್ನೂ ಮರೆತು ಎದ್ದಳು. “ಅಪ್ಪಾ, ನಾ ಹೊಂಟೆ.”

“ರೊಟ್ಟಿ?”

“ನೀನಽ ತಿನ್ನು!”

“ಕೇಳಿದೇನು ದ್ರಾಕ್ಷಾಯಣಿ, ನಿನ್ನ ಮಗಳ ಮಾತಾ?” ಎನ್ನುವ ದನಿ ಅವಳನ್ನು ಬೀದಿಯವರೆಗೂ ಹಿಂಬಾಲಿಸಿತು.

ಕಟ್ಟಿಯವರು ತೆರೆಯನ್ನು ಬಹಳ ಹೊತ್ತು ನೋಡಿದರು. ಮೊದಲು “ಬೀಗ ಹಾಕಿಲ್ಲ ನೀವು” ಎಂದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು.

“ಈ ಹಂದರ ಮಾಡುವಾಗ ನಾವು ಇದನ್ನಽ ಬೇಡಿಕೊಂಡಿದ್ವಿ,” ಎಂದರು ಕೊನೆಗೆ. “ಇಷ್ಟು ದೊಡ್ಡದು ಬಾಗದಽ ಇರೂದಿಲ್ಲ. ಬಾಗಿದ್ರೂ ಪರವಲಯ ಆಗಿ ಬಾಗಲಿ, ಬೆನ್ನಿನ ಸಲಾಕಿ ಹಂಗ ಜೋಡಸೋಣು ಅಂತ. ಆವಾಗ ಗ್ರಾಹಕದ ಕೋಣಿ ಕಂಬದ ತುದೀಗೆ ಆರು ಮೋಟಾರ ಕಾಲಿನ ಮ್ಯಾಲೆ ಅಡ್ಡಾಡ್ತಿತ್ತು, ನಾಭಿ ಎಲ್ಲಿ ಹೋದ್ರೂ ಹಿಂದಽ ಹೋಗಲಿಕ್ಕೆ. ಆಮೇಲೆ ತಿರುಪು ಬಂದುವು. ಮೈನಽ ತಿದ್ದಲಿಕ್ಕೆ ಬರ್ತದಂದ್ರ ಕೋಣಿ ಯಾಕ ಅಡ್ಡಾಡಬೇಕು? ಮ್ಯಾಲೆ ತಂಪಿನ ಯಂತ್ರದ ಭಾರ ಬ್ಯಾರೆ ಕೂತಿತು. ಪಟ್ಟಿ ಬಡದು ಬಿಗದ್ವಿ.”

“ಪಟ್ಟಿ ಬಿಚ್ಚಿದ್ರ?”

“ಬಿಚ್ಚಿದ್ರ ಕಾಲು ಏಳ್ತಾವೋ ಇಲ್ಲೋ ನದಾಫನ್ನ ಕೇಳ್ರಿ.”

ನದಾಫ ತಲೆ ಕೆರೆದುಕೊಂಡ. “ಏಳಬೌದ್ರಿ. ನಮ್ಮ ಅಜ್ಜಾರೂ ಏಳ್ತಾರ, ಒಂದೊಂದ ದಿನ. ವರ್ಷಗಟ್ಟಲೆ ಅಲುಗಿಲ್ಲ ಅವು. ಸಿಕ್ಕೊಂಡ್ರ ಕೋಣಿ ಸೊಟ್ಟನ್ನ ನಿಂತುಬಿಡತೈತಿ.”

ಸೊಟ್ಟ ನಿಂತರೆ ಏನೆಂದು ಮೂವರಿಗೂ ಗೊತ್ತಿತ್ತು. ‘ಕೂ’ ಹಿಡಿಯುವ ಗ್ರಾಹಕವೂ ಅದೇ ಕೋಣೆಯಲ್ಲಿತ್ತು. ಇಲ್ಲಿಂದ ಮಾತು ಕಳಿಸುವ ಪ್ರೇಷಕವೂ ಅಲ್ಲೇ. ಇದ್ದ ಒಂದು ಎಳೆಯೂ ಕಡಿದು, ಟಿಟ್ಟಿಭ ಆ ಕಡೆಯಿಂದಲೂ ಕಿವುಡಾಗುತ್ತದೆ.

“ನನ್ನ ಹೆಸರಿನ ಮ್ಯಾಲೆ ಮಾಡ್ರಿ ಸರ್,” ಎಂದಳು ನೀಲಗಂಗಾ. “ಒಳಗ ನಮ್ಮವ್ವ ಇದ್ದಾಳ.”

“ಅದಕ್ಕಽ ನಿಮ್ಮ ಹೆಸರಿನ ಮ್ಯಾಲೆ ಮಾಡೂದಿಲ್ಲ,” ಎಂದರು ಕಟ್ಟಿ. “ಕೆಟ್ಟರ ನೀವು ಮನೀಗೆ ಹೋಗಿ ಮಾಸ್ತರರ ಮಾರಿ ನೋಡಬೇಕು. ನನ್ನ ಹೆಸರ ಮ್ಯಾಲೆ ಇರಲಿ. ಅಂಕಿ ಮಾತ್ರ ಒಂದೂ ತಪ್ಪಬಾರದು.”

ಎರಡು ದಿನ ಅವರು ಹಗಲಿನ ಹೆಡಗಿಯನ್ನು ಕಲಿತರು. ರಾತ್ರಿಯ ಕೋಷ್ಟಕಗಳನ್ನು ಪಕ್ಕಕ್ಕಿಟ್ಟು, ಬಿಸಿಲೇರುವಾಗ, ಮೋಡ ಹಾಯುವಾಗ, ಗಾಳಿ ತಿರುಗಿದಾಗ ಅದು ಯಾವ ಆಕಾರ ತಾಳುತ್ತದೆಂದು ಮತ್ತೆ ಮತ್ತೆ ಅಳೆದರು. ನೀಲಗಂಗಾ ಲೆಕ್ಕವನ್ನು ಹೊಸದಾಗಿ ಬರೆದಳು. ಲೇಸರು ಅಳೆದ ಮೈಗೆ ಸಮೀಪದ ಪರವಲಯ ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಗ್ರಾಹಕದ ಕೋಣೆ ಅದರ ನಾಭಿಗೆ ಹೋಗಬೇಕು. ಮೈಯಲ್ಲಿ ಉಳಿದ ಕೂದಲೆಳೆಯಷ್ಟು ತಪ್ಪನ್ನು ಮಾತ್ರ ತಿರುಪುಗಳು ತಿದ್ದಬೇಕು. ಕೊನೆ ಮುಟ್ಟಿ ನಿಲ್ಲುತ್ತಿದ್ದ ತಿರುಪುಗಳಿಗೆ ಈಗ ಕೆಲಸ ಬಲು ಹಗುರ.

ನದಾಫನ ಜನ ಕೋಣೆಗೆ ಹತ್ತಿ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ, ಆರು ಕಾಲುಗಳಿಗೆ ಎಣ್ಣೆ ಕುಡಿಸಿದರು. ಮೂರನೆಯ ದಿನ ಬಾನಿನ ತೆಂಕಣ ಅಂಚಿನಲ್ಲಿ ಬಿಳಿ ಮೋಡಗಳು ಒಟ್ಟಿ ಇಟ್ಟಂತೆ ಕಾಣಿಸಿಕೊಂಡಿದ್ದವು. ಅಂದಾನಪ್ಪನವರು ಕೇಳದೆಯೇ ಬಂದು ನಿಯಂತ್ರಣ ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರನ್ನು ಕಳಿಸುವ ಧೈರ್ಯ ಯಾರಿಗೂ ಆಗಲಿಲ್ಲ.

“ತಿರುಪು ಸಡಿಲ ಬಿಡ್ರಿ,” ಎಂದರು ಕಟ್ಟಿ.

ಹೆಡಗಿ ತನ್ನ ಹಗಲಿನ ಆಕಾರಕ್ಕೆ ಬಂದಿತು. ‘ಕೂ’ ಕುಂದಿತು.

“ಕೋಣಿ ಎಬ್ಬಸ್ರಿ.”

ಕಾಲುಗಳು ಏಳಲಿಲ್ಲ. ಮೋಟಾರು ಗುರುಗುಟ್ಟಿ ನಿಂತಿತು. ನದಾಫ ಇನ್ನೊಮ್ಮೆ ಒತ್ತಿದ. ಐದು ಕಾಲು ಎದ್ದವು, ಆರನೆಯದು ಕೂತೇ ಇತ್ತು. ಕೋಣೆ ಆರನೆಯದರ ಕಡೆಗೇ ವಾಲಿತು. ‘ಕೂ’ ನಿಂತೇಹೋಯಿತು.

ಹಿಂದೆ ಬೆಂಚು ಕಿರುಗುಟ್ಟಿತು. ನೀಲಗಂಗಾ ತಿರುಗಿ ನೋಡಲಿಲ್ಲ. ನೋಡಿದರೆ ತನ್ನ ಕೈ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

“ಹಿಂದಕ್ಕ ಇಳಿಸ್ಲೇನ್ರಿ ಸರ್?” ಎಂದ ನದಾಫ.

“ತಡೀರಿ,” ಎಂದಳು ಅವಳು. “ಹಿಂದಕ್ಕ ಅಲ್ಲ. ಐದನ್ನೂ ಸ್ವಲ್ಪ ಇಳಿಸಿ, ಆರನೇದರ ಭಾರ ತೆಗೀರಿ. ಭಾರ ಹೊತ್ತು ಏಳಾಕ ಆಗವಲ್ದು ಅದಕ್ಕ.”

ಕಟ್ಟಿ ತಲೆಯಾಡಿಸಿದರು. ನದಾಫ ಕೂದಲೆಳೆಯಷ್ಟಷ್ಟೇ ಇಳಿಸುತ್ತ ಬಂದ. ಭಾರ ಬೇರೆ ಕಾಲುಗಳಿಗೆ ಸರಿದಾಗ ಆರನೆಯದು ಒಮ್ಮೆ ಕಟಕ್ಕೆಂದು ಅಲುಗಿತು. “ಎದ್ದ! ಎದ್ದ ಮುದುಕ!” ಎಂದು ನದಾಫ ಕೂಗಿದ. ಆರೂ ಕಾಲುಗಳು ಕೂಡಿ ಕೋಣೆಯನ್ನು ಮೇಲಕ್ಕೆ, ತುಸು ಪಶ್ಚಿಮಕ್ಕೆ ಒಯ್ದವು. ತೆರೆಯ ಮೇಲೆ ತಪ್ಪಿನ ಅಂಕಿ ಇಳಿಯತೊಡಗಿತು. ಒಂದಕ್ಕಿಂತ ಕೆಳಗೆ. ಸೊನ್ನೆ ಬಿಂದು ಆರಕ್ಕೆ. ತಿರುಪುಗಳು ತಮ್ಮ ಚಿಕ್ಕ ಕೆಲಸ ಮುಗಿಸಿದಾಗ ಸೊನ್ನೆ ಬಿಂದು ನಾಲ್ಕಕ್ಕೆ ಬಂದು ನಿಂತಿತು. ಉರಿಬಿಸಿಲಿನಲ್ಲಿ, ನಟ್ಟನಡುಹಗಲಿನಲ್ಲಿ.

‘ಕೂ’ ಮರಳಿತು. ಎಂದೂ ಇಲ್ಲದಷ್ಟು ದಪ್ಪಗೆ. ಪಕ್ಕದಲ್ಲಿದ್ದ ಗಿಡ್ಡ ಅಲೆಗಳ ತೆರೆಯಲ್ಲಿ, ತಿಂಗಳುಗಟ್ಟಲೆ ಹುಲ್ಲಿನಂತೆ ಸಮನಾಗಿದ್ದ ಗದ್ದಲದ ನಡುವಿನಿಂದ, ಒಂದು ಮೊನೆ ಮೇಲೆದ್ದಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮೊನೆ ಮತ್ತೆ ಮುಳುಗಿಬಿಟ್ಟರೆ ಎಂದು ಎಲ್ಲರೂ ಅದನ್ನೇ ನೋಡುತ್ತ ನಿಂತರು. ಅದು ಮುಳುಗಲಿಲ್ಲ. ಅಂಕಿಗಳು ಸಾಲುಸಾಲಾಗಿ ಬಂದವು, ಅವುಗಳನ್ನು ನೌಕಾಯಾನದ ಲೆಕ್ಕದವರು ದೂರದ ಊರಿನಲ್ಲಿ ಕುಳಿತು ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ದೂರವಾಣಿಯಲ್ಲಿ ಬಂದ ಮಾತು ಒಂದೇ: ದಾರಿ ಗೊತ್ತಾಯಿತು, ಇನ್ನು ತಿರುಗಿಸಬಹುದು.

ಕಟ್ಟಿಯವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. “ಕೇಳ್ಸತದ ಅಂತ ಅವರಿಗೆ ತಿಳಸ್ರಿ,” ಎಂದರು. ಆ ಸುದ್ದಿ ಹೊರಟಿತು. ಅದು ಮುಟ್ಟಲು ಮುಕ್ಕಾಲು ಗಂಟೆ ಬೇಕಿತ್ತು.

ಅಷ್ಟರಲ್ಲಿ ಅಂಕಿಗಳ ನಡುವೆ ಹೆಣೆದುಕೊಂಡು ಬರುತ್ತಿದ್ದ ಧ್ವನಿಯನ್ನು ಗಣಕ ಬಿಡಿಸಿತು. ಮೊದಲು ಗಂಡಸಿನ ದನಿಯೊಂದು ನೌಕೆಯ ಗಾಳಿಯ ಒತ್ತಡ ಓದಿ ಹೇಳಿತು, ಐವರೂ ಕ್ಷೇಮವೆಂದಿತು. ಆಮೇಲೆ ಹೆಣ್ಣುದನಿ. ತಾನು ಮಾತಾಡಿದ್ದು ಯಾರಿಗೂ ಮುಟ್ಟುವುದಿಲ್ಲವೆಂದು ಬಹಳ ದಿನದಿಂದ ಗೊತ್ತಿದ್ದು, ಆದರೂ ಬಿಡದೆ ಮಾತಾಡುವವರ ದನಿ. ಅದರಲ್ಲಿ ಯಾವ ಅವಸರವೂ ಇರಲಿಲ್ಲ.

“...ಆ ಹಳೇ ಸೈಕಲ್ ಏರಿ ಪ್ಯಾಟಿಗೆ ಹೊಂಟೀನಿ ಅಂತೀರಲ್ಲ, ಬ್ರೇಕ್ ಇಲ್ಲದ್ದು ಅದು. ಎಷ್ಟ ಸಲ ಹೇಳೀನಿ ನಾನು. ನನ್ನ ಮಾತು ನಿಮಗ ಮುಟ್ಟೂದಿಲ್ಲ, ಗೊತ್ತೈತಿ. ಮುಟ್ಟಿದ್ರೂ ಕೇಳಾವ್ರೇನು ನೀವು? ಇಲ್ಲಿ ನಮಗ ಮೂರು ಹೊತ್ತೂ ಅದಽ ಹಿಟ್ಟು. ನಿನ್ನೆ ನಾನು ಅದರಾಗಽ ತಾಲಿಪೆಟ್ಟು ಮಾಡೀನಿ. ಎಲ್ಲಾರೂ ತಿಂದ್ರು. ಒಬ್ಬಾವನೂ ಇದು ಏನಂತ ಕೇಳಲೇ ಇಲ್ಲ, ಅಂದ್ರ ಹೆಂಗಾಗಿರಬೇಕು ನೋಡ್ರಿ...”

ನದಾಫ ಬೆನ್ನು ತಿರುಗಿಸಿ ಕಿಟಕಿಯ ಕಡೆ ನೋಡುತ್ತ ನಿಂತ. ನೀಲಗಂಗಾ ಮೇಜಿನ ಮೇಲಿದ್ದ ಮೈಕನ್ನು ತಂದು ಅಪ್ಪನ ಮುಂದೆ ಹಿಡಿದಳು. ಅಂದಾನಪ್ಪ ಮಾಸ್ತರರು ಅದನ್ನು ತೆಗೆದುಕೊಂಡರು.

“ಮಾತಾಡಪ್ಪಾ. ಕೇಳಿಸ್ಕೋತಾಳ.”

ಅವರು ಮೈಕನ್ನು ಮೊಣಕಾಲಿನ ಮೇಲೆ ಮಗುಚಿ ಇಟ್ಟು, ತುಟಿಯ ಮೇಲೆ ಬೆರಳಿಟ್ಟರು. ಕೆನ್ನೆ ಒದ್ದೆಯಾಗಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ.

“ಸುಮ್ಮಕಿರು,” ಎಂದರು, ಮಗಳು ಎಂದೂ ಕೇಳಿರದಷ್ಟು ಮೆಲ್ಲಗೆ. “ಆಕಿ ಇನ್ನೂ ಮುಗಿಸಿಲ್ಲ.”